ಎದುರು ಕೂತವರು

ಹನ್ನೊಂದು ವರ್ಷ ಒಂದು ಸಂಘದ ಕಾರ್ಯದರ್ಶಿಯಾಗಿದ್ದೆ. ಹೋದ ತಿಂಗಳು ಆ ಕೆಲಸ ಬಿಟ್ಟೆ. ಪುಸ್ತಕಗಳನ್ನು ಹೊಸಬರಿಗೆ ಒಪ್ಪಿಸುವ ಮುಂಚೆ ಒಂದು ಸಲ ನೋಡೋಣ ಅಂತ ನಡಾವಳಿ ಪುಸ್ತಕ ತೆರೆದು ಕೂತೆ. ಮೊದಲ ಎರಡು ವರ್ಷದ ಪುಟಗಳಲ್ಲಿ ಜನರ ದನಿ ಕೇಳಿಸುತ್ತದೆ. 'ಮೂವರು ಒಪ್ಪಲಿಲ್ಲ', 'ಚರ್ಚೆ ಮುಗಿಯದೆ ಮುಂದಿನ ಸಭೆಗೆ ಹೋಯಿತು', 'ಇಂಥವರು ಸಿಟ್ಟಿನಿಂದ ಹೊರನಡೆದರು' ಅಂತೆಲ್ಲ ಇದೆ. ಆಮೇಲೆ ಒಂದು ದಿನ ಅದೆಲ್ಲ ನಿಂತುಹೋಗುತ್ತದೆ. ಅಲ್ಲಿಂದಾಚೆಗೆ ಪ್ರತಿ ಪುಟದ ಕೊನೆಯಲ್ಲೂ ಒಂದೇ ಸಾಲು: ಸರ್ವಾನುಮತದಿಂದ ಅಂಗೀಕರಿಸಲಾಯಿತು. ಒಂಬತ್ತು ವರ್ಷ, ಪ್ರತಿ ಸಭೆ, ಪ್ರತಿ ನಿರ್ಣಯ. ಎಲ್ಲವೂ ನನ್ನದೇ ಕೈಬರಹ.

ಆ ದಿನ ಯಾವುದು ಅಂತ ನನಗೆ ಚೆನ್ನಾಗಿ ನೆನಪಿದೆ. ನಿರ್ಣಯ ಸಣ್ಣದು. ಸಂಘದ ಸೂಚನೆ, ಪತ್ರ, ನಡಾವಳಿ ಎಲ್ಲವೂ ಇನ್ನು ಮುಂದೆ ಒಂದೇ ಭಾಷೆಯಲ್ಲಿ ಇರಲಿ ಅನ್ನೋದು. ಅಲ್ಲಿಯವರೆಗೆ ಎರಡು ಭಾಷೆಯಲ್ಲಿ ಬರೆಯುತ್ತಿದ್ದೆವು. ಎರಡೆರಡು ಸಲ ಬರೆದು ನನಗೂ ಸಾಕಾಗಿತ್ತು. ಹಾಗಾಗಿ ನಿರ್ಣಯ ತಂದವರಲ್ಲಿ ನಾನೂ ಇದ್ದೆ. ಸಭೆಗೆ 40 ಜನ ಬಂದಿದ್ದರು. ಅಧ್ಯಕ್ಷರು ಕೈ ಎತ್ತಿಸಿದರು. 33 ಕೈ ಮೇಲೆದ್ದವು. ಅರ್ಧ ನಿಮಿಷವೂ ಆಗಲಿಲ್ಲ. ಆಗ ಹಿಂದಿನ ಸಾಲಿನಿಂದ ಒಬ್ಬ ಹಿರಿಯ ಹೆಂಗಸು ಎದ್ದು ನಿಂತರು. ಸಭೆಯಲ್ಲಿ ಯಾವತ್ತೂ ಜಾಸ್ತಿ ಮಾತಾಡಿದವರಲ್ಲ. ನಮ್ಮ ಭಾಷೆಯಲ್ಲೇ, ತಡವರಿಸುತ್ತಾ ಹೇಳಿದರು: "ನೀವು ಪ್ರತಿ ಸಲ ಕೈ ಎತ್ತಿಸ್ತೀರಿ. ನಾವು ಏಳು ಜನ. ಇವತ್ತೂ ಏಳು, ನಾಳೆಯೂ ಏಳು. ಎಣಿಸೋ ಮುಂಚೆ ಒಂದ್ಸಲ ನಮ್ಮನ್ನ ಕೇಳಬಹುದಿತ್ತು ಅಲ್ವಾ?"

ಅಧ್ಯಕ್ಷರು, "ಮತ ಆಗಿಹೋಯ್ತು ಅಮ್ಮ, ಪ್ರಜಾಪ್ರಭುತ್ವ ಅಂದ್ರೆ ಇದೇ ತಾನೆ" ಅಂದರು. ಯಾರೋ ಪಕ್ಕದಿಂದ, "ನಿಮಗೆ ಸಂಘ ಬೇಕೋ ಬೇಡವೋ, ಅದನ್ನ ಹೇಳಿ" ಅಂದರು. ಅವರು ಕೂತರು. ಸಭೆ ಬೇಗ ಮುಗಿಯಿತು ಅಂತ ನನಗೆ ಒಳಗೊಳಗೇ ಸಮಾಧಾನವಾಗಿತ್ತು. ಬರೆಯುವಾಗ, ಏಳು ಜನರ ವಿಷಯ ಹಾಕಿ ಸುಮ್ನೆ ಕಹಿ ಯಾಕೆ ಅನ್ನಿಸಿತು. ಸರ್ವಾನುಮತ ಅಂತ ಬರೆದೆ. ಮುಂದಿನ ಸಭೆಗೆ ಅವರಲ್ಲಿ ಮೂವರು ಬಂದರು. ಅದರ ಮುಂದಿನದಕ್ಕೆ ಯಾರೂ ಬರಲಿಲ್ಲ. ಆಮೇಲಿನ ಸರ್ವಾನುಮತಗಳಿಗೆ ಸುಳ್ಳು ಹೇಳುವ ಅಗತ್ಯವೂ ಇರಲಿಲ್ಲ. ಒಪ್ಪದವರು ಅಲ್ಲಿ ಇರಲೇ ಇಲ್ಲವಲ್ಲ.

ಇವತ್ತೂ ಏಳು, ನಾಳೆಯೂ ಏಳು

ಆ ಮಾತು ಒಂಬತ್ತು ವರ್ಷ ನನ್ನ ತಲೆಯಲ್ಲಿ ಸುತ್ತಿದೆ. ನಾವು ಶಾಲೆಯಲ್ಲಿ ಕಲಿತ ಪ್ರಜಾಪ್ರಭುತ್ವದ ಹಿಂದೆ ಒಂದು ನಂಬಿಕೆ ಇದೆ. ಇವತ್ತು ಸೋತವನು ನಾಳೆ ಗೆಲ್ಲಬಹುದು. ತೆರಿಗೆ ಜಾಸ್ತಿ ಇರಬೇಕೋ ಕಡಿಮೆ ಇರಬೇಕೋ ಅನ್ನುವ ಜಗಳದಲ್ಲಿ ಈ ನಂಬಿಕೆ ಸರಿ. ಜನ ಮನಸ್ಸು ಬದಲಿಸುತ್ತಾರೆ, ಸರ್ಕಾರ ಬದಲಾಗುತ್ತದೆ. ಸೋತವರು ಐದು ವರ್ಷ ಹಲ್ಲು ಕಚ್ಚಿ ಕಾಯುತ್ತಾರೆ. ಆದರೆ ಹಲವು ಭಾಷೆ, ಹಲವು ಧರ್ಮ, ಹಲವು ಮೈಬಣ್ಣದ ಜನ ಇರುವ ದೇಶದಲ್ಲಿ ಕೆಲವು ಪ್ರಶ್ನೆಗಳಿಗೆ ಉತ್ತರ ಹುಟ್ಟಿನಿಂದಲೇ ಗೊತ್ತಾಗಿಬಿಟ್ಟಿರುತ್ತದೆ. ನೂರಕ್ಕೆ 15 ಜನ ಮಾತಾಡುವ ಭಾಷೆ ಮುಂದಿನ ಚುನಾವಣೆ ಹೊತ್ತಿಗೆ 51 ಜನರ ಭಾಷೆ ಆಗುವುದಿಲ್ಲ. ಅಂಥವರಿಗೆ ಕಾಯುವುದರಿಂದ ಏನೂ ಸಿಗುವುದಿಲ್ಲ. ಮತದಿಂದ ಗೆಲ್ಲಲು ಆಗದವರ ಕೈಯಲ್ಲಿ ಉಳಿಯುವುದು ಮಾತು ಮಾತ್ರ. ಬೇಡ ಅನ್ನುವುದು, ಯಾಕೆ ಬೇಡ ಅಂತ ಹೇಳುವುದು, ಬೀದಿಗೆ ಬಂದು ಕೂರುವುದು, ಸದನದಲ್ಲಿ ಎದ್ದು ನಿಲ್ಲುವುದು. ಅದನ್ನೂ ಕಿತ್ತುಕೊಂಡರೆ ಆ ದೇಶದಲ್ಲಿ ಅವರ ಪಾಲಿಗೆ ಉಳಿಯುವುದಾದರೂ ಏನು?

ಇದಕ್ಕೆ ಎದುರಾಗಿ ಒಂದು ವಾದ ಇದೆ. ಅದನ್ನು ಹೇಳುವವರು ಕೆಟ್ಟವರಲ್ಲ. ಹೀಗೆ ನೂರಾರು ಬಗೆಯ ಜನ ಇರುವ ದೇಶ ಹೇಗೋ ಒಂದು ದಾರದಲ್ಲಿ ನಿಂತಿದೆ, ಒಬ್ಬೊಬ್ಬರೂ ಒಂದೊಂದು ಕಡೆ ಎಳೆದರೆ ಹರಿಯುತ್ತದೆ, ಭಿನ್ನಮತ ಎಲ್ಲ ಒಂದೇ ಥರ ಇರುವ ಪುಟ್ಟ ದೇಶಗಳಿಗೆ ಸರಿ ಅನ್ನುತ್ತಾರೆ. ಈ ಭಯ ನನಗೆ ಅರ್ಥವಾಗುತ್ತದೆ. ಅದಕ್ಕೇ ದೇಶವನ್ನೇ ಒಡೆಯಬೇಕು ಅನ್ನುವ ಭಿನ್ನಮತವನ್ನೇ ತೆಗೆದುಕೊಂಡು ನೋಡೋಣ ಅನ್ನಿಸಿತು. ಅದಕ್ಕಿಂತ ದೊಡ್ಡ ವಿರೋಧ ಇಲ್ಲವಲ್ಲ.

ಇಬ್ಬರು ವಿರೋಧ ಪಕ್ಷದ ನಾಯಕರು

1993ರ ಅಕ್ಟೋಬರ್‌ನಲ್ಲಿ ಕೆನಡಾದಲ್ಲಿ ಚುನಾವಣೆ ಆಯಿತು. ಎರಡನೇ ದೊಡ್ಡ ಪಕ್ಷವಾಗಿ ಬಂದದ್ದು ಬ್ಲಾಕ್ ಕೆಬೆಕ್ವಾ, 54 ಸ್ಥಾನ. ಆ ಪಕ್ಷ ಸ್ಪರ್ಧಿಸಿದ್ದು ಫ್ರೆಂಚ್ ಮಾತಾಡುವವರು ಹೆಚ್ಚಿರುವ ಕ್ವಿಬೆಕ್ ಪ್ರಾಂತ್ಯದಲ್ಲಿ ಮಾತ್ರ. ಅದರ ಗುರಿ ಕ್ವಿಬೆಕ್ ಕೆನಡಾದಿಂದ ಬೇರೆಯಾಗಬೇಕು ಅನ್ನೋದು. ಅದರ ನಾಯಕ ಲೂಸಿಯನ್ ಬುಶಾರ್ ಕೆನಡಾದ ಅಧಿಕೃತ ವಿರೋಧ ಪಕ್ಷದ ನಾಯಕರಾದರು. ಆ ಸ್ಥಾನದ ಪೂರ್ತಿ ಹೆಸರಲ್ಲಿ ಆಗ ರಾಣಿಗೆ ನಿಷ್ಠವಾದ ವಿರೋಧ ಪಕ್ಷ ಅಂತ ಇತ್ತು. ಕೆನಡಾ 1905ರಿಂದಲೇ ವಿರೋಧ ಪಕ್ಷದ ನಾಯಕರಿಗೆ ಸರ್ಕಾರಿ ಖಜಾನೆಯಿಂದ ಸಂಬಳ ಕೊಡುತ್ತಿದೆ. ಅಂದರೆ ದೇಶ ಬಿಟ್ಟು ಹೋಗುತ್ತೇವೆ ಅನ್ನುವವರಿಗೆ ಆ ದೇಶವೇ ಕುರ್ಚಿ ಕೊಟ್ಟಿತು, ಸಂಬಳ ಕೊಟ್ಟಿತು, ಪ್ರತಿ ದಿನ ಪ್ರಧಾನಿಗೆ ಮೊದಲ ಪ್ರಶ್ನೆ ಕೇಳುವ ಹಕ್ಕು ಕೊಟ್ಟಿತು. 1994ರ ಡಿಸೆಂಬರ್‌ನಲ್ಲಿ ಬುಶಾರ್ ಭಯಂಕರ ಸೋಂಕಿಗೆ ಸಿಕ್ಕಿ ಒಂದು ಕಾಲು ಕಳೆದುಕೊಂಡರು. ಆಗ ಅವರಿಗಾಗಿ ಮರುಗಿದವರಲ್ಲಿ ಅವರ ರಾಜಕೀಯವನ್ನು ಒಂದಿಷ್ಟೂ ಒಪ್ಪದ ಜನ ಬಹಳ ಇದ್ದರು. ಕೆಲವೇ ತಿಂಗಳಲ್ಲಿ ಅವರು ಮತ್ತೆ ಸದನಕ್ಕೆ ಬಂದು ಅದೇ ಜಾಗದಲ್ಲಿ ಕೂತರು.

1995ರ ಅಕ್ಟೋಬರ್ 30ರಂದು ಕ್ವಿಬೆಕ್‌ನಲ್ಲಿ ಜನಮತ ಗಣನೆ ನಡೆಯಿತು. ನೂರಕ್ಕೆ 93ಕ್ಕಿಂತ ಹೆಚ್ಚು ಜನ ಮತ ಹಾಕಿದರು. ಬೇರೆಯಾಗುವುದು ಬೇಡ ಅಂದವರು 50.58, ಬೇಕು ಅಂದವರು 49.42. ಸುಮಾರು 54 ಸಾವಿರ ಮತಗಳ ಅಂತರ. ಒಂದು ದೇಶ ಇಷ್ಟು ಹತ್ತಿರದಿಂದ ಒಡೆಯುವುದನ್ನು ನೋಡಿ ವಾಪಸ್ ಬಂದಿತು, ಮರುದಿನ ಬೆಳಿಗ್ಗೆ ಜನ ಕೆಲಸಕ್ಕೆ ಹೋದರು. ಮೂರು ವರ್ಷದ ನಂತರ ಕೆನಡಾದ ಸುಪ್ರೀಂ ಕೋರ್ಟ್, ಒಂದು ಪ್ರಾಂತ್ಯ ತನ್ನಷ್ಟಕ್ಕೆ ತಾನೇ ಎದ್ದುಹೋಗಲು ಆಗುವುದಿಲ್ಲ ಅಂತ ಹೇಳಿತು. ಆದರೆ ಸ್ಪಷ್ಟ ಪ್ರಶ್ನೆಗೆ ಸ್ಪಷ್ಟ ಬಹುಮತ ಬಂದರೆ ಉಳಿದವರು ಕೂತು ಮಾತಾಡಲೇಬೇಕು ಅಂತಲೂ ಹೇಳಿತು. ಸತ್ಯ ಯಾರೊಬ್ಬರ ಸ್ವತ್ತೂ ಅಲ್ಲ, ಒಪ್ಪದ ದನಿಗಳನ್ನು ಕೇಳಿ ಕಾನೂನಿನಲ್ಲಿ ಅವಕ್ಕೆ ಉತ್ತರ ಹುಡುಕುವುದು ಪ್ರಜಾಪ್ರಭುತ್ವ ಒಪ್ಪಿಕೊಂಡ ಕೆಲಸ ಅನ್ನುವ ಅರ್ಥದ ಮಾತು ಆ ತೀರ್ಪಿನಲ್ಲಿದೆ.

ಈಗ ಇನ್ನೊಬ್ಬರ ಕತೆ. 1956ರ ಜೂನ್ 5ರಂದು ಶ್ರೀಲಂಕಾದ ಸಂಸತ್ತಿನಲ್ಲಿ ಸಿಂಹಳ ಒಂದೇ ಅಧಿಕೃತ ಭಾಷೆ ಅನ್ನುವ ಮಸೂದೆ ಬಂತು. ತಮಿಳು ನಾಯಕ ಚೆಲ್ವನಾಯಕಂ ಮತ್ತು ಅವರ ಸಂಗಡಿಗರು ಸಂಸತ್ತಿನ ಹತ್ತಿರದ ಗಾಲ್ ಫೇಸ್ ಮೈದಾನದಲ್ಲಿ ಸತ್ಯಾಗ್ರಹಕ್ಕೆ ಕೂತರು. ಸುಮ್ಮನೆ ಕೂತವರ ಮೇಲೆ ಗುಂಪು ಬಿದ್ದು ಹೊಡೆಯಿತು. ಗಾಯಗೊಂಡವರಲ್ಲಿ ಅದೇ ವರ್ಷ ಸಂಸತ್ತಿಗೆ ಗೆದ್ದು ಬಂದಿದ್ದ ತರುಣ ಅಪ್ಪಾಪಿಳ್ಳೈ ಅಮೃತಲಿಂಗಂ ಇದ್ದರು. ಒಳಗೆ ಸದನದಲ್ಲಿ ಸಿಂಹಳ ಸಮುದಾಯದವರೇ ಆದ ಕಾಲ್ವಿನ್ ಆರ್. ಡಿ ಸಿಲ್ವ ಎಚ್ಚರಿಸಿದರು: ಎರಡು ಭಾಷೆ ಒಪ್ಪಿದರೆ ಒಂದು ದೇಶ, ಒಂದೇ ಭಾಷೆ ಅಂದರೆ ಎರಡು ದೇಶ. ಮಸೂದೆ ಪಾಸಾಯಿತು. ಬಹುಮತ ಇತ್ತಲ್ಲ. 1957ರಲ್ಲಿ ಪ್ರಧಾನಿ ಬಂಡಾರನಾಯಕೆ ಚೆಲ್ವನಾಯಕಂ ಜೊತೆ ಒಪ್ಪಂದ ಮಾಡಿಕೊಂಡರು. ವಿರೋಧ ಬಂತು, 1958ರಲ್ಲಿ ಅದನ್ನು ಕೈಬಿಟ್ಟರು. 1965ರಲ್ಲಿ, ಆ ವರ್ಷ ಪ್ರಧಾನಿಯಾದ ಡಡ್ಲಿ ಸೇನಾನಾಯಕೆ ಇನ್ನೊಂದು ಒಪ್ಪಂದಕ್ಕೆ ಸಹಿ ಹಾಕಿದರು. ಅದೂ ಜಾರಿಯಾಗಲಿಲ್ಲ. ಇಪ್ಪತ್ತು ವರ್ಷ ಹೀಗೆ ಬಾಗಿಲು ತಟ್ಟಿ ತಟ್ಟಿ ಸಾಕಾದ ಮೇಲೆ, 1976ರಲ್ಲಿ ತಮಿಳು ಪಕ್ಷಗಳು ಪ್ರತ್ಯೇಕ ರಾಜ್ಯದ ಮಾತು ಎತ್ತಿದವು. 1977ರ ಚುನಾವಣೆಯಲ್ಲಿ ಅವರ ಕೂಟಕ್ಕೆ 18 ಸ್ಥಾನ ಬಂತು. ಅಮೃತಲಿಂಗಂ ವಿರೋಧ ಪಕ್ಷದ ನಾಯಕರಾದರು.

ಬುಶಾರ್ ಕೂತ ಜಾಗದಲ್ಲೇ ಅವರೂ ಕೂತಿದ್ದರು ಅನ್ನಿ. ಗುರಿಯೂ ಹೆಚ್ಚು ಕಡಿಮೆ ಅದೇ. ಮುಂದಾದದ್ದು ಬೇರೆ. 1983ರ ಜುಲೈನಲ್ಲಿ ತಮಿಳರ ಮೇಲೆ ಭೀಕರ ಹಿಂಸೆ ನಡೆಯಿತು. ಅದರ ಬೆನ್ನಿಗೇ ಆಗಸ್ಟ್‌ನಲ್ಲಿ ಸಂವಿಧಾನಕ್ಕೆ ಆರನೇ ತಿದ್ದುಪಡಿ ಬಂತು. ಪ್ರತ್ಯೇಕ ರಾಜ್ಯವನ್ನು ಬೆಂಬಲಿಸುವುದಿಲ್ಲ ಅಂತ ಪ್ರತಿಯೊಬ್ಬ ಸಂಸದನೂ ಪ್ರಮಾಣ ಮಾಡಬೇಕು. ಅಮೃತಲಿಂಗಂ ಕಡೆಯವರು ಮಾಡಲಿಲ್ಲ, ಸ್ಥಾನ ಕಳೆದುಕೊಂಡರು. ಸಂಸತ್ತಿನಲ್ಲಿ ತಮಿಳರ ಮುಖ್ಯ ದನಿ ಇಲ್ಲವಾಯಿತು. ಆಮೇಲೆ ತಮಿಳರ ಹೆಸರಲ್ಲಿ ಮಾತಾಡಿದ್ದು ಬಂದೂಕು. 1989ರ ಜುಲೈ 13ರಂದು ಕೊಲಂಬೊದಲ್ಲಿ ಅಮೃತಲಿಂಗಂ ಅವರನ್ನು ಕೊಂದವರು ಸರ್ಕಾರದವರಲ್ಲ, ಎಲ್‌ಟಿಟಿಇಯವರು. ಮಾತಾಡಲು ಅಂತ ಮನೆಗೆ ಬಂದವರು. ಯುದ್ಧ 2009ರ ಮೇ ತಿಂಗಳವರೆಗೆ ನಡೆಯಿತು. ಹತ್ತಾರು ಸಾವಿರ ಜನ ಸತ್ತರು. ಈ ನಡುವೆ, 1987ರ ಹದಿಮೂರನೇ ತಿದ್ದುಪಡಿಯಲ್ಲಿ ತಮಿಳೂ ಅಧಿಕೃತ ಭಾಷೆ ಆಯಿತು. ಮೈದಾನದಲ್ಲಿ ಕೂತವರು ಕೇಳಿದ್ದು ಅದನ್ನೇ, ಮೂವತ್ತೊಂದು ವರ್ಷ ಮೊದಲು.

ಒಬ್ಬ ಮನುಷ್ಯನ ಬದುಕಿನಲ್ಲಿ ಇದೆಲ್ಲ ಆಗಿಹೋಯಿತು ಅನ್ನೋದು ನನಗೆ ಅರಗುವುದಿಲ್ಲ. ಶಾಂತಿಯಿಂದ ಕೂತಾಗ ಹೊಡೆತ. ಗೆದ್ದು ಬಂದು ಎದುರು ಕೂತಾಗ ಬಾಗಿಲು ಬಂದ್. ಕೊನೆಗೆ, ಮಾತನ್ನೇ ನಂಬಿದ್ದಕ್ಕೆ ತಮ್ಮವರಿಂದಲೇ ಗುಂಡು. ಸರ್ಕಾರ ಭಿನ್ನಮತದ ಬಾಗಿಲು ಹಾಕಿದಾಗ ಮೊದಲು ಬಲಿಯಾಗುವುದು ಉಗ್ರರಲ್ಲ. ಉಗ್ರರಿಗೆ ಆ ಬಾಗಿಲು ಬೇಕಾಗಿಯೇ ಇರಲಿಲ್ಲ. ಬಲಿಯಾಗುವುದು ನಡುವೆ ನಿಂತವರು, 'ಇನ್ನೊಂದು ಸಲ ಕೇಳಿ ನೋಡೋಣ' ಅಂತ ತಮ್ಮ ಜನರನ್ನು ಹಿಡಿದಿಟ್ಟವರು.

ಕೆನಡಾ ಏನೂ ಪುಣ್ಯಭೂಮಿ ಅಲ್ಲ. 1970ರ ಅಕ್ಟೋಬರ್‌ನಲ್ಲಿ ಅಲ್ಲೂ ಉಗ್ರರು ಒಬ್ಬ ಬ್ರಿಟಿಷ್ ಅಧಿಕಾರಿಯನ್ನೂ ಕ್ವಿಬೆಕ್‌ನ ಮಂತ್ರಿ ಪಿಯೇರ್ ಲಪೋರ್ಟ್ ಅವರನ್ನೂ ಅಪಹರಿಸಿದರು. ಲಪೋರ್ಟ್ ಕೊಲೆಯಾದರು. ಸರ್ಕಾರ ಯುದ್ಧಕಾಲದ ಕಾನೂನು ಹಾಕಿ 500ರಷ್ಟು ಜನರನ್ನು ಹಿಡಿಯಿತು. ಅವರಲ್ಲಿ ಹೆಚ್ಚಿನವರ ಮೇಲೆ ಯಾವ ಕೇಸೂ ಹಾಕದೆ ಬಿಡಬೇಕಾಯಿತು. ಆದರೆ ಅಂಥ ಹೊತ್ತಿನಲ್ಲೂ ಪ್ರತ್ಯೇಕತೆ ಕೇಳುವ ಪಕ್ಷವನ್ನು ನಿಷೇಧಿಸಲಿಲ್ಲ. ಅದೇ ವರ್ಷದ ಪ್ರಾಂತ್ಯದ ಚುನಾವಣೆಯಲ್ಲಿ ನೂರಕ್ಕೆ 23 ಮತ ಪಡೆದರೂ ಆ ಪಕ್ಷಕ್ಕೆ, ಅಂದರೆ ಪಾರ್ತಿ ಕೆಬೆಕ್ವಾಗೆ, ಸಿಕ್ಕಿದ್ದು 7 ಸ್ಥಾನ. ಮತಪೆಟ್ಟಿಗೆಯಿಂದ ಏನೂ ಆಗಲ್ಲ ಅನ್ನಲು ಉಗ್ರರಿಗೆ ಒಳ್ಳೆ ಕಾರಣವೇ ಇತ್ತು. ಪಕ್ಷದ ನಾಯಕ ರೆನೆ ಲೆವೆಕ್ ಹಿಂಸೆಯನ್ನು ಖಂಡಿಸಿ ಚುನಾವಣೆಯ ದಾರಿಯಲ್ಲೇ ನಿಂತರು. 1976ರಲ್ಲಿ ಗೆದ್ದು ಸರ್ಕಾರ ಮಾಡಿದರು. ಆಮೇಲೆ ಬಾಂಬಿನವರ ಮಾತು ಯಾರಿಗೂ ಬೇಕಾಗಲಿಲ್ಲ.

ಭಾರತದ್ದು ಈ ಎರಡರ ನಡುವಿನ ಕತೆ. 1962ರ ಮೇ ತಿಂಗಳಲ್ಲಿ ಡಿಎಂಕೆ ಪಕ್ಷದ ನಾಯಕ ಅಣ್ಣಾದುರೈ ರಾಜ್ಯಸಭೆಯ ತಮ್ಮ ಮೊದಲ ಭಾಷಣದಲ್ಲೇ ದ್ರಾವಿಡನಾಡು ಅನ್ನುವ ಬೇರೆ ದೇಶ ಬೇಕು ಅಂದರು. ಸದನ ಕೇಳಿಸಿಕೊಂಡಿತು. 1963ರಲ್ಲಿ ಹದಿನಾರನೇ ತಿದ್ದುಪಡಿ ಬಂತು. ಚುನಾವಣೆಗೆ ನಿಲ್ಲುವವರು ದೇಶದ ಅಖಂಡತೆಯನ್ನು ಎತ್ತಿಹಿಡಿಯುವ ಪ್ರಮಾಣ ಮಾಡಬೇಕು ಅಂದಿತು. ಮೇಲ್ನೋಟಕ್ಕೆ ಶ್ರೀಲಂಕಾದ ತಿದ್ದುಪಡಿಯ ಥರವೇ ಇದೆ ಅಲ್ವಾ? ಆ ಕಾನೂನು ಸರಿಯಿತ್ತೇ ಅಂತ ನನಗೆ ಇವತ್ತಿಗೂ ಅನುಮಾನ ಇದೆ. ಆದರೆ ಒಂದು ವ್ಯತ್ಯಾಸ ಕಾಣುತ್ತದೆ. ಒಂದು ಬೇಡಿಕೆಯ ಬಾಗಿಲು ಹಾಕಿದರೂ ಅದರ ಹಿಂದಿದ್ದ ದೂರಿಗೆ ಬೇರೆ ಬಾಗಿಲುಗಳು ತೆರೆದೇ ಇದ್ದವು. ಭಾಷಾವಾರು ರಾಜ್ಯಗಳು ಆಗಲೇ ಇದ್ದವು. ಡಿಎಂಕೆ ಪ್ರತ್ಯೇಕತೆಯ ಮಾತು ಬಿಟ್ಟು ಚುನಾವಣೆಗೆ ನಿಂತಿತು. 1965ರಲ್ಲಿ ಹಿಂದಿ ಹೇರಿಕೆಯ ವಿರುದ್ಧ ರಕ್ತ ಹರಿಯಿತು, ಅದನ್ನು ಮರೆಯಬಾರದು. ಕೊನೆಗೆ 1967ರಲ್ಲಿ ಕಾನೂನು ತಿದ್ದಿ ಇಂಗ್ಲಿಷನ್ನು ಮುಂದುವರಿಸಿದರು. ಅದೇ ವರ್ಷ ಅಣ್ಣಾದುರೈ ಮುಖ್ಯಮಂತ್ರಿಯಾದರು. 1969ರ ಜನವರಿಯಲ್ಲಿ ಮದ್ರಾಸ್ ರಾಜ್ಯಕ್ಕೆ ತಮಿಳುನಾಡು ಅನ್ನುವ ಹೆಸರು ಬಂತು. ದೇಶ ಬಿಡಬೇಕು ಅಂದಿದ್ದವರು ಅದೇ ದೇಶದ ಒಂದು ರಾಜ್ಯಕ್ಕೆ ಹೆಸರಿಟ್ಟರು.

ಕೋಡಿ ಅನ್ನುವ ಹೋಲಿಕೆ

ಇಂಥ ವಿಷಯ ಬಂದಾಗ ಕೆರೆಗೆ ಕೋಡಿ ಇರಬೇಕು ಅನ್ನುವ ಮಾತು ಹೇಳುತ್ತೇವೆ. ಕೋಡಿ ಇಲ್ಲದಿದ್ದರೆ ನೀರು ಏರಿ ಏರಿ ಕಟ್ಟೆಯೇ ಒಡೆಯುತ್ತದೆ. ಸರಿಯಾದ ಮಾತೇ. ಆದರೂ ನನಗೆ ಪೂರ್ತಿ ಒಪ್ಪಿಗೆಯಾಗುವುದಿಲ್ಲ. ಕೋಡಿಯಲ್ಲಿ ಹೋಗುವುದು ಕೆರೆಗೆ ಬೇಡವಾದ ನೀರು. ಭಿನ್ನಮತವನ್ನು ಹಾಗೆ ನೋಡುವವರು, ಕೂಗಲಿ ಬಿಡಿ, ಕೂಗಿ ಸುಸ್ತಾಗಲಿ ಅನ್ನುತ್ತಾರೆ. ಪ್ರತಿಭಟನೆಗೆ ಒಂದು ಮೂಲೆ ತೋರಿಸಿ, ಬೇಲಿ ಹಾಕಿ, ಕಿವಿ ಮುಚ್ಚಿಕೊಳ್ಳುತ್ತಾರೆ. ಅದನ್ನು ಜಾಗ ಕೊಡುವುದು ಅಂತ ನಾನು ಕರೆಯಲಾರೆ.

ಎಲ್ಲರೂ ಒಂದೇ ಥರ ಬದುಕುವ ಕಡೆ, ಆಳುವವರು ತಮ್ಮ ಮನೆಯನ್ನು ನೋಡಿಕೊಂಡರೂ ಬೇರೆಯವರ ಕಷ್ಟ ಸ್ವಲ್ಪ ಊಹಿಸಬಹುದು. ಹಲವು ಬಗೆಯ ಜನ ಇರುವಲ್ಲಿ ಅದು ಆಗದು. ಒಂದೇ ಭಾಷೆಯ ಸೂಚನೆ ನನಗೆ ಅನುಕೂಲ ಅನ್ನಿಸಿತ್ತು. ಅದನ್ನು ಓದಲಾಗದೆ ಸಭೆಯ ದಿನವೇ ತಪ್ಪಿಹೋಗುವವರು ಇದ್ದಾರೆ ಅನ್ನೋದು ನನ್ನ ತಲೆಗೆ ಬಂದಿರಲಿಲ್ಲ. ಕೆಟ್ಟ ಮನಸ್ಸಿನಿಂದ ಅಲ್ಲ, ಗೊತ್ತಿರಲಿಲ್ಲ. ಗೊತ್ತಾಗುವ ದಾರಿ ಒಂದೇ ಇತ್ತು, ಆ ಹೆಂಗಸು ಎದ್ದು ಹೇಳಿದ ಮಾತು. 1948ರ ಮಾರ್ಚ್‌ನಲ್ಲಿ, ಆಗ ಪಾಕಿಸ್ತಾನಕ್ಕೆ ಸೇರಿದ್ದ, ಬಂಗಾಳಿ ಮಾತಾಡುವ ಢಾಕಾದಲ್ಲಿ ಜಿನ್ನಾ, ಪಾಕಿಸ್ತಾನಕ್ಕೆ ಉರ್ದು ಒಂದೇ ರಾಷ್ಟ್ರಭಾಷೆ ಅಂದಾಗ ಕೆಲವು ವಿದ್ಯಾರ್ಥಿಗಳು ಸಭೆಯಲ್ಲೇ 'ಇಲ್ಲ, ಇಲ್ಲ' ಅಂದರು. ದೇಶದ ಅರ್ಧಕ್ಕಿಂತ ಹೆಚ್ಚು ಜನರ ಮನಸ್ಸು ಆ ಒಂದು ಪದದಲ್ಲಿತ್ತು. 1952ರ ಫೆಬ್ರವರಿ 21ರಂದು ಅದನ್ನೇ ಹೇಳಿದವರ ಮೇಲೆ ಗುಂಡು ಹಾರಿತು. 1956ರ ಸಂವಿಧಾನದಲ್ಲಿ ಬಂಗಾಳಿಯನ್ನೂ ಒಪ್ಪಿಕೊಂಡರು. ಅಷ್ಟು ಹೊತ್ತಿಗೆ ಮನಸ್ಸು ಮುರಿದಿತ್ತು. 1971ರಲ್ಲಿ ದೇಶವೂ ಮುರಿಯಿತು.

ಇನ್ನೊಂದು ಮಾತು ಇಲ್ಲೇ ಹೇಳಬೇಕು. ಜಾಗ ಕೇಳುವವರು ತಮ್ಮೊಳಗೆ ಜಾಗ ಕೊಡುತ್ತಾರೆ ಅಂತೇನೂ ಇಲ್ಲ. ಕ್ವಿಬೆಕ್‌ನ ಉತ್ತರದಲ್ಲಿ ಕ್ರೀ ಅನ್ನುವ ಮೂಲನಿವಾಸಿಗಳಿದ್ದಾರೆ. 1995ರಲ್ಲಿ ಅವರು ಪ್ರಾಂತ್ಯದ ಮತದಾನಕ್ಕೆ ಆರು ದಿನ ಮೊದಲು ತಾವೇ ಬೇರೆ ಮತದಾನ ಮಾಡಿದರು. ನೂರಕ್ಕೆ 96 ಜನ, ನಮ್ಮನ್ನೂ ನಮ್ಮ ನೆಲವನ್ನೂ ಹೊಸ ದೇಶಕ್ಕೆ ಎಳೆಯಬೇಡಿ ಅಂದರು. ಸೋತ ರಾತ್ರಿ ಪ್ರಾಂತ್ಯದ ಮುಖ್ಯಸ್ಥ ಜಾಕ್ ಪಾರಿಝೊ, ಹಣದಿಂದಲೂ ಜನಾಂಗೀಯ ಮತಗಳಿಂದಲೂ ಸೋತೆವು ಅನ್ನುವ ಅರ್ಥದ ಮಾತಾಡಿದರು. ಜೀವಮಾನವಿಡೀ ಅಲ್ಪಸಂಖ್ಯಾತರ ನೋವಿನ ಬಗ್ಗೆ ಮಾತಾಡಿದವರಿಗೆ ತಮ್ಮಲ್ಲಿದ್ದ ಅಲ್ಪಸಂಖ್ಯಾತರು ಒಪ್ಪದಿದ್ದದ್ದು ತಡೆಯಲಾಗಲಿಲ್ಲ. ಮರುದಿನ ಅವರು ರಾಜೀನಾಮೆ ಘೋಷಿಸಿದರು.

ಬರೆದಿಟ್ಟ ಬೇಡ

ನಡಾವಳಿ ಪುಸ್ತಕಕ್ಕೆ ಮರಳುತ್ತೇನೆ. ನ್ಯಾಯಾಲಯಗಳಲ್ಲಿ ನನಗೆ ಬಹಳ ಇಷ್ಟವಾಗುವ ಒಂದು ರೂಢಿ ಇದೆ. ಸೋತ ನ್ಯಾಯಮೂರ್ತಿಯ ಅಭಿಪ್ರಾಯವನ್ನೂ ತೀರ್ಪಿನ ಜೊತೆಗೇ ಅಚ್ಚು ಹಾಕುತ್ತಾರೆ. ಅಮೆರಿಕದಲ್ಲಿ 1896ರಲ್ಲಿ ಕಪ್ಪು ಜನರಿಗೆ ರೈಲಿನಲ್ಲಿ ಬೇರೆ ಡಬ್ಬಿ ಇಡುವುದು ಸರಿ ಅಂತ ಸುಪ್ರೀಂ ಕೋರ್ಟ್ ಹೇಳಿದಾಗ, ಒಪ್ಪದವರು ಜಾನ್ ಮಾರ್ಷಲ್ ಹಾರ್ಲನ್ ಒಬ್ಬರೇ. 1954ರಲ್ಲಿ ಶಾಲೆಗಳಲ್ಲಿ ಹಾಗೆ ಬೇರೆ ಮಾಡುವುದು ತಪ್ಪು ಅಂತ ಅದೇ ಕೋರ್ಟಿನ 9 ಜನರೂ ಒಟ್ಟಾಗಿ ಹೇಳಿದರು. ಭಾರತದಲ್ಲಿ ತುರ್ತು ಪರಿಸ್ಥಿತಿಯ ಹೊತ್ತಿನಲ್ಲಿ, 1976ರ ಏಪ್ರಿಲ್ 28ರಂದು, ಸರ್ಕಾರ ಹಿಡಿದು ಒಳಗಿಟ್ಟವರು ಕೋರ್ಟಿಗೆ ಬರುವಂತಿಲ್ಲ ಅಂತ 4 ನ್ಯಾಯಮೂರ್ತಿಗಳು ತೀರ್ಪು ಕೊಟ್ಟಾಗ, ಎಚ್.ಆರ್. ಖನ್ನಾ ಒಬ್ಬರೇ ಇಲ್ಲ ಅಂದರು. ಅವರಿಗೆ ಸಿಗಬೇಕಿದ್ದ ಮುಖ್ಯ ನ್ಯಾಯಮೂರ್ತಿ ಹುದ್ದೆ ಕಿರಿಯರಿಗೆ ಹೋಯಿತು. ಆ ತೀರ್ಪು ತಪ್ಪು ಅಂತ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದ್ದು 2017ರಲ್ಲಿ. ಅಷ್ಟು ವರ್ಷ ಆ 'ಇಲ್ಲ' ಪುಸ್ತಕದಲ್ಲಿ ಉಳಿದಿತ್ತು. ಹುಡುಕಿದವರಿಗೆ ಸಿಗುತ್ತಿತ್ತು. ನನ್ನ ಪುಸ್ತಕದಲ್ಲಿ ಹುಡುಕಿದರೆ ಏನು ಸಿಗುತ್ತದೆ?

ನಮ್ಮ ಭಾಷೆಯಲ್ಲಿ ಮಕ್ಕಳಿಗೆ ಮೊದಲು ಹೇಳಿಕೊಡುವ ಮಾತುಗಳಲ್ಲಿ 'ಎದುರುತ್ತರ ಕೊಡಬೇಡ' ಅನ್ನೋದು ಒಂದು. ಎದುರು ಅಂದರೆ ವಿರುದ್ಧ. ಆದರೆ ಎದುರು ಅಂದರೆ ಮುಂದೆ, ಮುಖ ಕಾಣುವ ಹಾಗೆ ಅಂತಲೂ ಅಲ್ವಾ? ಎದುರು ಮನೆ, ಎದುರು ನೋಡುವುದು, ಬಂದವರನ್ನು ಎದುರುಗೊಳ್ಳುವುದು. ಆ ಹೆಂಗಸು ಅವತ್ತು ಎದುರಿಗೆ ನಿಂತು ಮಾತಾಡಿದರು. ಸಂಘ ಬೇಡವಾಗಿದ್ದರೆ ಎದ್ದು ನಿಲ್ಲುವ ಕಷ್ಟ ಯಾಕೆ ಪಡುತ್ತಿದ್ದರು? ಬೇರೆ ಭಾಷೆಯಲ್ಲಿ ಪದ ಹುಡುಕಿಕೊಂಡು, 40 ಜನರ ಮುಂದೆ? 'ನಿಮಗೆ ಸಂಘ ಬೇಕೋ ಬೇಡವೋ' ಅಂತ ಕೇಳಿದವರಿಗೆ ಉತ್ತರ ಅಲ್ಲೇ ನಿಂತಿತ್ತು.

ಪುಸ್ತಕ ಒಪ್ಪಿಸುವ ಹಿಂದಿನ ದಿನ ಅವರಿಗೆ ಫೋನ್ ಮಾಡಿದೆ. ಗುರುತು ಹಿಡಿದರು. ನಾನು ಮಾಡಿದ್ದನ್ನು ಹೇಳಿದೆ. ಹಳೆ ನಡಾವಳಿ ತಿದ್ದುವ ಅಧಿಕಾರ ನನಗಿಲ್ಲ, ಆದರೆ ಕಾರ್ಯದರ್ಶಿಯ ಟಿಪ್ಪಣಿ ಅಂತ ಕೊನೆಯ ಪುಟದಲ್ಲಿ, ಆ ದಿನದ ನಿರ್ಣಯ ಸರ್ವಾನುಮತದ್ದಲ್ಲ, ಏಳು ಜನ ಒಪ್ಪಿರಲಿಲ್ಲ, ನೀವು ಹೀಗೆ ಹೀಗೆ ಹೇಳಿದಿರಿ ಅಂತ ಬರೆದು ಸಹಿ ಹಾಕುತ್ತೇನೆ ಅಂದೆ. ಬರೆದದ್ದನ್ನು ಓದಿ ಹೇಳಿದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದಿರಲಿಲ್ಲ.

"ಏಳಲ್ಲ, ಎಂಟು" ಅಂದರು. "ಅವತ್ತು ಒಬ್ಬರು ಬಂದಿರಲಿಲ್ಲ. ಸೂಚನೆ ಅವರಿಗೆ ಓದೋಕೆ ಬರ್ತಿರಲಿಲ್ಲ. ನಿಮ್ಮ ಕೈಲಿ ಎರಡು ಸಲ ಬರೆಯೋಕೆ ಆಗ್ತಿಲ್ಲ ಅಂತ ನಿರ್ಣಯಕ್ಕೆ ಮುಂಚೆನೇ ಒಂದೇ ಭಾಷೇಲಿ ಕಳಿಸೋಕೆ ಶುರು ಮಾಡಿದ್ರಿ. ಅದನ್ನೂ ಹಾಕಿ."

ಅದನ್ನೂ ಹಾಕಿದೆ.